ಗಡಿಗೆಯ ಕೆಳಗಿನ ದಿಂಬು

ನಮ್ಮ ಮನೆಗೆ ಮೊದಲ ಸಲ ಬಂದವರು ಕುಡಿಯಲು ನೀರು ಕೇಳಿದಾಗ ನನಗೆ ಕೊಂಚ ಮುಜುಗರವಾಗುತ್ತದೆ. ನೀರಿಗೆ ಕೊರತೆ ಅಂತಲ್ಲ; ಬಿಟಿಎಂ ಲೇಔಟಿನಲ್ಲಿ ಬಾಡಿಗೆಗೆ ಇದ್ದುಕೊಂಡು ಹಾಗೆ ಹೇಳಿಕೊಳ್ಳುವುದೇ ಒಂದು ಜಂಬ, ಆ ಜಂಬ ನನಗಿದೆ. ಮುಜುಗರ ಏನಿದ್ದರೂ ನೀರಿನ ಗಡಿಗೆ ಕೂತಿರುವ ಪೀಠದ್ದು. ಅದು ವಿಮಾನದಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳುವ ದಿಂಬು. ಕಡುನೀಲಿ ಬಣ್ಣದ್ದು, ಮೆತ್ತನೆಯದು, ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ತಂದದ್ದು. ಎರಡು ತುದಿಗಳಲ್ಲಿರುವ ಗುಂಡಿ ಒತ್ತಿದರೆ ದುಂಡಗೆ ಮುಚ್ಚಿಕೊಳ್ಳುತ್ತದೆ. ಅವ್ವ ಒಂದು ದಿನ ಅದನ್ನು ಹಾಗೆ ಮುಚ್ಚಿ, ಅಡುಗೆಕಟ್ಟೆಯ ಮೇಲಿಟ್ಟು, ಅದರ ಮೇಲೆ ಗಡಿಗೆ ಕೂರಿಸಿ, ಎರಡು ಸಲ ಅಲ್ಲಾಡಿಸಿ ನೋಡಿದಳು.

"ಇದು ಸಿಂಬಿ ಐತಿ ನೋಡ. ಕುತಗಿಗೆ ಹಾಕ್ಕೋ ಅಂತ ನಿಂಗ ಯಾರ್ ಹೇಳಿದ್ರು?" ಎಂದಳು.

ಅಂದಿನಿಂದ ಅದು ಅಲ್ಲೇ ಇದೆ. ಗಡಿಗೆ ಬೆವರಿದಾಗೆಲ್ಲ ದಿಂಬು ಒದ್ದೆಯಾಗುತ್ತದೆ, ವಾರಕ್ಕೊಮ್ಮೆ ಟೆರೇಸಿನಲ್ಲಿ ಒಣಗುತ್ತದೆ. ಮಹಡಿಯ ಮೇಲಿರುವ ಮನೆ ಓನರ್ ಕಮಲಮ್ಮ ಅದನ್ನು ಕಂಡಾಗಲೆಲ್ಲ, "ಮತ್ತೆ ಎಲ್ಲಿಗೆ ಫ್ಲೈಟು?" ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ. ಆದರೆ ಅದನ್ನು ಕಂಡಾಗಲೆಲ್ಲ ನಾನಂತೂ ಒಂದು ಸಲ ಹೋಗಿ ಬಂದಿರುತ್ತೇನೆ.

ಪ್ರಯಾಣಕ್ಕೆ ಸಾಮಾನು ಕಟ್ಟುವ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ಗದಗಿನಲ್ಲಿ ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ವರ್ಷಕ್ಕೊಮ್ಮೆ ಹುಬ್ಬಳ್ಳಿಯ ಅತ್ತೆಯ ಮನೆಗೆ ಹೋಗುವುದೇ ನಮ್ಮ ದೇಶಪರ್ಯಟನೆ. ಬಸ್ಸಿನಲ್ಲಿ ಎರಡು ತಾಸು ಹಿಡಿಯದ ಆ ದಾರಿಗೆ ಅಪ್ಪ ನಾಲ್ಕು ದಿನ ಮೊದಲೇ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಒಯ್ಯಬೇಕಾದ ಸಾಮಾನೆಲ್ಲ ಸಾಲಾಗಿ ಜೋಡಿಸುತ್ತಿದ್ದ. ಟಾರ್ಚು, ಹಗ್ಗ, ತಾಮ್ರದ ತಂಬಿಗೆ, ಹೊಟ್ಟೆನೋವಿಗೆ ಅಜವಾನ. ಹಗ್ಗ ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ. ಹುಬ್ಬಳ್ಳಿಯಲ್ಲಿ ಬಾವಿಗೆ ಬಿದ್ದರೆ ಎತ್ತಲಿಕ್ಕೆ ಇರಬೇಕು ಎಂದು ನಾನೇ ಅಂದುಕೊಂಡಿದ್ದೆ.

ಅಪ್ಪನದು ಒಂದು ಕಾಯಿದೆ ಇತ್ತು. ಹೊರಡುವ ಹಿಂದಿನ ದಿನ ಪ್ರತಿಯೊಬ್ಬರೂ ತಮ್ಮ ಚೀಲ ಹೊತ್ತುಕೊಂಡು ಅಂಗಳದ ಬೇವಿನ ಮರಕ್ಕೆ ಮೂರು ಸುತ್ತು ಬರಬೇಕು. ಏದುಸಿರು ಬಂದರೆ ಚೀಲ ಬಿಚ್ಚಿ ಏನಾದರೂ ತೆಗೆಯಬೇಕು. "ಹೊರಾಕ ಆಗೋದಿಲ್ಲ ಅಂದ್ರ ಅದು ನಿಂದಲ್ಲ," ಎನ್ನುತ್ತಿದ್ದ. ಏಳು ವರ್ಷದ ನಾನು ಎರಡನೇ ಸುತ್ತಿಗೇ ಕೂತುಬಿಟ್ಟೆ. ಚೀಲ ಬಿಚ್ಚಿದರೆ ಒಳಗೆ ಆಡುವ ಐದು ಕಲ್ಲಿನ ಬದಲು ಅರವತ್ತು ಕಲ್ಲು. ಅಪ್ಪ ಒಂದೊಂದನ್ನೇ ತೆಗೆದು ಮರದ ಬುಡಕ್ಕಿಡುತ್ತ, "ಹುಬ್ಬಳ್ಳ್ಯಾಗೂ ಕಲ್ಲು ಸಿಗತಾವವಾ," ಎಂದ. ನಗಲಿಲ್ಲ. ಅಪ್ಪ ಸಾಮಾನು ಕಟ್ಟುವಾಗ ನಗುತ್ತಿರಲಿಲ್ಲ.

ಅದೇ ಅಂಗಳದ ಮೇಲೆ ಎಂದಾದರೊಮ್ಮೆ ವಿಮಾನ ಹಾಯುತ್ತಿತ್ತು. ಸದ್ದು ಕೇಳಿದೊಡನೆ ನಾನು ಹೊರಗೆ ಓಡುವುದು, ನನ್ನ ಹಿಂದೆ ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬರುವುದು. ಮುಂಗೈಯನ್ನು ಹಣೆಗೆ ಮರೆಮಾಡಿಕೊಂಡು ಅದು ಚುಕ್ಕಿಯಾಗಿ ಕರಗುವ ತನಕ ನೋಡುತ್ತಿದ್ದಳು. ಒಲೆಯ ಮೇಲೆ ರೊಟ್ಟಿ ಸೀದರೂ ಲೆಕ್ಕಿಸುತ್ತಿರಲಿಲ್ಲ. "ಒಳಗ ಕುಂತವರಿಗೆ ನಾವು ಕಾಣ್ತೀವೇನು?" ಎಂದು ಕೇಳುತ್ತಿದ್ದಳು. ಕಾಣುತ್ತೇವೆ, ಟಾಟಾ ಮಾಡು ಎಂದು ನಾನು ಖಾತ್ರಿ ಕೊಡುತ್ತಿದ್ದೆ. ಅವಳು ಹಿಟ್ಟಿನ ಕೈ ಎತ್ತಿ ಬೀಸುತ್ತಿದ್ದಳು.

ಆ ಅವ್ವ ಎಪ್ಪತ್ತೆರಡನೇ ವಯಸ್ಸಿನಲ್ಲಿ ವಿಮಾನ ಹತ್ತಬೇಕಾಗಿ ಬಂತು. ಕಾರಣ ಅವಳ ಅಕ್ಕ, ನನ್ನ ದೊಡ್ಡವ್ವ. ಗಂಡನಿಗೆ ರೈಲ್ವೆ ನೌಕರಿ ಸಿಕ್ಕಾಗ ದೆಹಲಿಗೆ ಹೋದವಳು ಅಲ್ಲೇ ಉಳಿದುಬಿಟ್ಟಳು. ಈಗ ಅವಳ ಕಣ್ಣು ಹೋಗುತ್ತಿತ್ತು. ಡಾಕ್ಟರು ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು. ಒಂದು ಭಾನುವಾರ ಫೋನಿನಲ್ಲಿ ಅವ್ವನಿಗೆ ಹೇಳಿದಳು: "ನಿನ್ನ ಮಾರಿ ಇನ್ನೊಮ್ಮೆ ನೋಡಬೇಕವಾ. ಸಮೀಪ ಹಿಡದ್ರ ಇನ್ನಾ ಸ್ವಲ್ಪ ಕಾಣಸ್ತೈತಿ. ತಡಾ ಮಾಡಿದ್ರ ಬರೇ ದನಿ ಕೇಳಿ ಸಮಾಧಾನ ಮಾಡ್ಕೋಬೇಕಾಗತೈತಿ." ಅವಳು ಇದನ್ನು ಮಳೆ ಬಂತು ಎನ್ನುವ ಹಾಗೆ ಸಾದಾ ದನಿಯಲ್ಲಿ ಹೇಳಿದ್ದರಿಂದ ಕೇಳುವುದು ಇನ್ನೂ ಕಷ್ಟವಾಯಿತು.

ರೈಲೆಂದರೆ ಎರಡು ರಾತ್ರಿ ಕೂರಬೇಕು. ಅವ್ವನ ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ನಾನು ವಿಮಾನದ ಟಿಕೆಟ್ ಮಾಡಿಸಿ, ಅಪ್ಪನ ಮಗಳಾಗಿ ಕೆಲಸಕ್ಕೆ ಇಳಿದೆ. ನಾನೂ ಅಲ್ಲಿಯವರೆಗೆ ಒಂದೇ ಸಲ ವಿಮಾನ ಹತ್ತಿದ್ದವಳು, ಅದೂ ಆಫೀಸಿನ ಕೆಲಸಕ್ಕೆ, ಕಿಟಕಿಯಿಲ್ಲದ ಸೀಟಿನಲ್ಲಿ. ಹಾಗಾಗಿ ಸುಖವಾಗಿ ವಿಮಾನ ಪ್ರಯಾಣ ಮಾಡುವುದು ಹೇಗೆ ಎಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿದೆ. ಓದುತ್ತ ಹೋದಂತೆ ವಿಮಾನದಲ್ಲಿ ಸುಖವಾಗಿರಲು ಸಾಧ್ಯವೇ ಇಲ್ಲ ಎಂಬುದು ಖಚಿತವಾಗತೊಡಗಿತು. ಕಾಲು ಊದುತ್ತದೆ, ಕಿವಿ ಕಟ್ಟುತ್ತದೆ, ತುಟಿ ಒಣಗುತ್ತದೆ, ಕುತ್ತಿಗೆ ಹಿಡಿಯುತ್ತದೆ. ಒಂದೊಂದಕ್ಕೂ ಒಂದೊಂದು ಸಾಮಾನು. ಬಿಗಿಯಾದ ಕಾಲುಚೀಲ, ಕಣ್ಣಿಗೆ ಕಟ್ಟುವ ಪಟ್ಟಿ, ಕಿವಿಗೆ ಹತ್ತಿ, ಚೀಪಲು ಶುಂಠಿ ಪೆಪ್ಪರಮಿಂಟು, ಮತ್ತೆ ಆ ದಿಂಬು. ಎಲ್ಲವನ್ನೂ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅವ್ವ ದಿನವೂ ಅದರ ಮುಂದೆ ನಿಂತು ಓದಿ ಒಳಗೆ ಹೋಗುತ್ತಿದ್ದಳು.

ಸೂಟ್‌ಕೇಸ್ ಕಟ್ಟಿ ಮುಗಿದ ಸಂಜೆ ನಾನು ಅದನ್ನು ಟೆರೇಸಿಗೆ ಹೊತ್ತೊಯ್ದು ನೀರಿನ ಟ್ಯಾಂಕಿಗೆ ಮೂರು ಸುತ್ತು ಬಂದೆ. ಬೇವಿನ ಮರ ಬಿಟಿಎಂನಲ್ಲಿ ಎಲ್ಲಿಂದ ತರುವುದು. ಬಟ್ಟೆ ಒಣಹಾಕುತ್ತಿದ್ದ ಕಮಲಮ್ಮ ಕೈಯಲ್ಲಿ ಕ್ಲಿಪ್ಪು ಹಿಡಿದುಕೊಂಡೇ ನಿಂತುಬಿಟ್ಟರು.

"ಶೈಲಾ, ಹುಷಾರಾಗಿದೀರಾ ತಾನೆ? ಅದಕ್ಕೆ ಚಕ್ರ ಇದ್ಯಲ್ಲ," ಎಂದರು.

ನಾನು ಅಪ್ಪನ ಕಾಯಿದೆ ವಿವರಿಸಿದೆ. ಕಮಲಮ್ಮ ಮಗಳ ಮನೆಗೆಂದು ನಾಲ್ಕೈದು ಸಲ ವಿಮಾನ ಹತ್ತಿದವರು, ನಮ್ಮ ಪಾಲಿಗೆ ಬಲ್ಲವರು. ಕೆಳಗೆ ಬಂದು ಸೂಟ್‌ಕೇಸ್ ಪರೀಕ್ಷೆ ಮಾಡಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿಯ ಡಬ್ಬಿ ಕೈಚೀಲದಿಂದ ತೆಗೆಸಿ ದೊಡ್ಡದಕ್ಕೆ ಹಾಕಿಸಿದರು. ಖಡಕ್ ರೊಟ್ಟಿಗೆ ಸ್ಟೀಲ್ ಡಬ್ಬಿಯೇ ಸರಿ ಎಂದರು. ಹೊರಡುವಾಗ ಅವ್ವನನ್ನು ನೋಡಿ, ಸಹಜವಾಗಿಯೇ ಹೇಳಿದರು: "ಸೆಕ್ಯೂರಿಟೀಲಿ ಮೆಟಲ್ ಇರೋದೆಲ್ಲಾ ಟ್ರೇಗೆ ಹಾಕಿ ಅಂತಾರೆ. ಅಮ್ಮನ ಕತ್ತಲ್ಲಿರೋ ಬೆಳ್ಳೀದೂ ಬಿಚ್ಚಿಸ್ತಾರೋ ಏನೋ."

ಅವ್ವನ ಕೊರಳಲ್ಲಿದ್ದದ್ದು ಬೆಳ್ಳಿಯ ಕರಡಿಗೆ. ಅದರೊಳಗೆ ಅವಳ ಇಷ್ಟಲಿಂಗ. ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ; ಅಲ್ಲಿಂದ ಅದು ಮೈಬಿಟ್ಟು ಅಗಲಬಾರದು. ದಿನಾ ಮುಂಜಾನೆ ಸ್ನಾನ ಮಾಡಿ, ಎಡಗೈ ಅಂಗೈಯಲ್ಲಿಟ್ಟುಕೊಂಡು ಪೂಜಿಸಿ, ಮತ್ತೆ ಕೊರಳಿಗೆ. ಇದು ಹೇಳಿಕೆ. ಪಾಲಿಸುವವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ನನ್ನ ಲಿಂಗವಂತೂ ದೇವರ ಗೂಡಿನ ಡಬ್ಬಿಯಲ್ಲಿ ಭದ್ರವಾಗಿದೆ. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ಇದೆ, ಅದನ್ನು ಮರೆತರೆ ಒಳಗೆ ಬಿಡುವುದಿಲ್ಲ. ಅವ್ವ ಮಾತ್ರ ಒಂದು ದಿನವೂ ಬಿಟ್ಟವಳಲ್ಲ. ಹೊಟ್ಟೆಯ ಆಪರೇಷನ್ ಆದ ದಿನ ಕೂಡ ಡಾಕ್ಟರರ ಅಪ್ಪಣೆ ಪಡೆದು ಮುಂಗೈಗೆ ಕಟ್ಟಿಕೊಂಡೇ ಒಳಗೆ ಹೋಗಿದ್ದಳು.

ಕಮಲಮ್ಮ ಮೇಲೆ ಹೋದ ನಂತರ ಅವ್ವ ನನ್ನನ್ನು ಕೂರಿಸಿಕೊಂಡಳು.

"ಶೈಲಾ, ಈಗ ಹೇಳೇ ಬಿಡ್ತೀನಿ. ಅವರು ಇದನ್ನ ತಗದ ಇಡು ಅಂದ್ರ ನಾ ಅಲ್ಲಿಂದನ ಹೊಳ್ಳಿ ಬರಾಕಿ. ಮಂದಿ ಮುಂದ ನನಗ ತಿಳಿಸಿ ಹೇಳಾಕ ನಿಂದರಬ್ಯಾಡ."

"ಮತ್ತ ದೊಡ್ಡವ್ವ?"

"ಅಕ್ಕಗ ಫೋನ್ ಹಚ್ಚು. ಆಕಿನ್ನೇ ಕೇಳು."

ಹಚ್ಚಿದೆ. ದೊಡ್ಡವ್ವ ಬುದ್ಧಿ ಹೇಳುತ್ತಾಳೆ ಎಂದುಕೊಂಡಿದ್ದೆ. ಐವತ್ತು ವರ್ಷ ದೆಹಲಿಯಲ್ಲಿದ್ದವಳು, ಮೆಟ್ರೋದಲ್ಲಿ ಓಡಾಡಿದವಳು. ಅವಳು, "ಬಿಚ್ಚಿಟ್ಟು ಬರೂದಾದ್ರ ಬರಬ್ಯಾಡ ಅನ್ನು. ಅದನ್ನ ಬಿಟ್ಟು ಬಂದಾಕಿ ಮಾರಿ ನೋಡಿ ನಾ ಏನ್ ಮಾಡ್ಲಿ?" ಎಂದಳು. ನೋಡಲು ಅವಳಿಗೆ ಉಳಿದದ್ದೇ ಸ್ವಲ್ಪ ಬೆಳಕು. ಅದನ್ನೂ ಬಿಡಲು ತಯಾರಿದ್ದಳು. ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಏನೋ ಒಂದು ಬಗೆಯ ಭಯಭಕ್ತಿಯೂ ಬಂತು. ಈ ಇಬ್ಬರು ಮುದುಕಿಯರ ನಡುವೆ ನಾನು ಪೆಪ್ಪರಮಿಂಟು ಎಣಿಸುತ್ತ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಆಮೇಲಿನ ನಾಲ್ಕು ದಿನ ನಾನು ಕಂಡಕಂಡವರನ್ನೆಲ್ಲ ಕೇಳಿದೆ. ಆಫೀಸಿನ ಒಬ್ಬ ಹುಡುಗಿ, "ಏನೂ ಕೇಳಲ್ಲ ಬಿಡಿ ಮೇಡಂ," ಎಂದಳು. ಇನ್ನೊಬ್ಬರು, "ಅದು ಆ ದಿನ ಯಾರಿರ್ತಾರೆ ಅನ್ನೋದರ ಮೇಲೆ," ಎಂದರು. ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಯಂತ್ರ ಕೂಗುವುದು ಬೆಳ್ಳಿಗೆ. ಬೆಳ್ಳಿಯೇ ಇಲ್ಲದಿದ್ದರೆ? ಕರಡಿಗೆ ಮನೆಯಲ್ಲಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡರಾಯಿತು. ಹಿಂದಿನವರು ಎಷ್ಟೋ ಮಂದಿ ಹಾಗೇ ಕಟ್ಟಿಕೊಳ್ಳುತ್ತಿದ್ದರು. ಅವ್ವ ಒಪ್ಪುತ್ತಾಳೋ ಇಲ್ಲವೋ ಎಂದು ಅಳುಕುತ್ತಲೇ ಹೇಳಿದೆ. ಅವಳು ತಕ್ಷಣ ಒಪ್ಪಿದಳು. "ಬೆಳ್ಳಿ ನಮ್ಮ ಡೌಲಿಗೆ. ಅದಕ್ಕೇನು ಬೆಳ್ಳಿ ಬೇಕಾಗೈತೇನು?" ಎಂದು ಟ್ರಂಕಿನಿಂದ ಅಪ್ಪನ ಹಳೆಯ ಧೋತರ ತೆಗೆದು, ಮೆತ್ತನೆಯ ಒಂದು ಪಟ್ಟಿ ಹರಿದು, ಅಂಚು ಮಡಿಸಿ ಹೊಲಿಯುತ್ತ ಕೂತಳು. ಖಾಲಿ ಕರಡಿಗೆ ನನ್ನ ಲಿಂಗದ ಪಕ್ಕ ಡಬ್ಬಿಯಲ್ಲಿ ಹೋಗಿ ಕೂತಿತು.

ಉಳಿದ ತಪಾಸಣೆ ನಾನೇ ನಡೆಸಿದೆ. ಬಳೆ ಗಾಜಿನವು. ಕೂದಲಿಗೆ ಪ್ಲಾಸ್ಟಿಕ್ ಕ್ಲಿಪ್ಪು. ಚಪ್ಪಲಿಗೆ ಬಕಲ್ ಇಲ್ಲದ್ದು ಬೇಕೆಂದು ಮಡಿವಾಳ ಮಾರ್ಕೆಟ್ಟಿನ ಮೂರು ಅಂಗಡಿ ತಿರುಗಿದೆ. ಅವ್ವನ ಮೈಮೇಲೆ ಲೋಹವೆಂಬುದು ಒಂದು ಗುಂಜಿಯಷ್ಟೂ ಇಲ್ಲ ಎಂದು ಕ್ಯಾಲೆಂಡರಿನ ಬೆನ್ನಿಗೆ ಬರೆದು ಟಿಕ್ ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ಹಾಕಿದ ಟಿಕ್ ಇನ್ನೊಂದಿಲ್ಲ.

ಹೊರಡುವ ದಿನ ಅವ್ವ ಬೆಳಗಾಗುವ ಮೊದಲೇ ಪೂಜೆ ಮುಗಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಸೀರೆ ಉಟ್ಟು, ಸಿದ್ಧಳಾಗಿ ಬಂದಳು. ಸಿಲ್ಕ್ ಬೋರ್ಡಿನಲ್ಲಿ ವಿಮಾನ ನಿಲ್ದಾಣದ ಬಸ್ಸು ಹತ್ತಿದೆವು. ಮಧ್ಯಾಹ್ನದ ವಿಮಾನಕ್ಕೆ ಏಳು ಗಂಟೆಗೇ ಹೊರಟದ್ದನ್ನು ನೋಡಿ ನಗಬೇಡಿ. ಸಿಲ್ಕ್ ಬೋರ್ಡು ನೋಡಿದವರು ನಗುವುದಿಲ್ಲ. ನಿಲ್ದಾಣದೊಳಗೆ ಅವ್ವ ತಲೆಯೆತ್ತಿ ಚಾವಣಿಯನ್ನೇ ನೋಡುತ್ತ ನಿಂತಳು. "ಇಷ್ಟ್ ಎತ್ತರ ಕಟ್ಟ್ಯಾರಲ್ಲ, ಒಳಗನೂ ವಿಮಾನ ಹಾರತಾವೇನು?" ಎಂದು ಕೇಳಿದಳು. ದೊಡ್ಡ ಸೂಟ್‌ಕೇಸ್ ಚಲಿಸುವ ಪಟ್ಟಿಯ ಮೇಲೆ ಸಾಗಿ ಪರದೆಯ ಹಿಂದೆ ಮರೆಯಾಯಿತು. ಇನ್ನು ಉಳಿದದ್ದು ಸೆಕ್ಯೂರಿಟಿ ಒಂದೇ.

ಹೆಂಗಸರ ಸಾಲಿನಲ್ಲಿ ನಾನು ಮುಂದೆ, ಅವ್ವ ಹಿಂದೆ. ನಾನು ಮಾಡಿದ ಹಾಗೆ ಮಾಡು ಎಂದು ಹೇಳಿಕೊಟ್ಟಿದ್ದೆ. ಪರದೆ ಹಾಕಿದ ಸಣ್ಣ ಗೂಡಿನಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಕೈಯಲ್ಲಿ ಹಿಡಿದ ಯಂತ್ರವನ್ನು ನನ್ನ ಮೈಮೇಲೆಲ್ಲ ಆಡಿಸಿ ಕಳಿಸಿದಳು. ಆಚೆ ಬಂದು ನನ್ನ ಕೈಚೀಲ ಎತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಂತ್ರ ಕುಂಯ್ ಎಂದಿತು. ಒಂದು ಸಲ. ಮತ್ತೊಂದು ಸಲ.

"ಯೇ ಕ್ಯಾ ಹೈ, ಅಮ್ಮಾ?" ಎಂದಳು ಆ ಹುಡುಗಿ.

ಅವ್ವನಿಗೆ ಹಿಂದಿ ಬಾರದು. ನಾನು ಆಚೆಯಿಂದಲೇ, "ಭಗವಾನ್ ಹೈ," ಎಂದೆ. ಮುಂದೆ ಹೇಳಬೇಕಾದ ಹಿಂದಿಯೆಲ್ಲ ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಗೂಡಿನ ಹತ್ತಿರ ಹೋಗಲು ನನ್ನನ್ನು ಬಿಡಲಿಲ್ಲ. ಪರದೆ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅದರ ಕೆಳಗೆ ನನಗೆ ಕಾಣುತ್ತಿದ್ದದ್ದು ನಾಲ್ಕು ಪಾದ ಮಾತ್ರ. ಮಡಿವಾಳದ ಬಕಲ್ ಇಲ್ಲದ ಚಪ್ಪಲಿ ಎರಡು, ಕರಿಯ ಬೂಟು ಎರಡು. ಚಪ್ಪಲಿಗಳು ಅಲ್ಲಾಡಲಿಲ್ಲ. ಅವು ಬಾಗಿಲ ಕಡೆ ತಿರುಗುತ್ತವೆ, ಈಗ ತಿರುಗುತ್ತವೆ ಎಂದು ನೋಡುತ್ತಿದ್ದೆ. ದೊಡ್ಡವ್ವನಿಗೆ ಏನೆಂದು ಫೋನ್ ಮಾಡುವುದು ಎಂದು ಮಾತು ಕೂಡಿಸಲೂ ಶುರುಮಾಡಿದ್ದೆ. ಆಗ ಕರಿಯ ಬೂಟುಗಳು ಅರ್ಧ ಹೆಜ್ಜೆ ಹಿಂದೆ ಸರಿದವು. ಮತ್ತೆ ಯಾವ ಸದ್ದೂ ಇಲ್ಲ. ನನ್ನ ಹಿಂದಿನವರು ತಮ್ಮ ಟ್ರೇಗಾಗಿ ನನ್ನನ್ನು ಪಕ್ಕಕ್ಕೆ ಸರಿಸಿದರು. ಯಂತ್ರ ಇನ್ನೊಂದು ಸಲ ಕುಂಯ್ ಎಂದಿತು. ಆಮೇಲೆ ಒಳಗಿನಿಂದ ನಗು ಕೇಳಿತು, ಎರಡು ದನಿಯದು.

ಅವ್ವ ಹೊರಗೆ ಬಂದಳು. ಸೆರಗಿನೊಳಗೆ, ಎದೆಯ ಮೇಲೆ, ಬಟ್ಟೆಯ ಗಂಟು ಇದ್ದಲ್ಲೇ ಇತ್ತು. ಕುರ್ಚಿಯಲ್ಲಿ ಕೂರಿಸಿ ಏನಾಯಿತು ಎಂದು ಕೇಳಿದೆ.

"ಏನಾಗೋದೈತಿ? ಆಕಿ ಏನಂದ್ಲೋ ನನಗ ತಿಳೀಲಿಲ್ಲ. ನಾ ವಸ್ತ್ರ ಬಿಚ್ಚಿ ಅಂಗೈ ಮ್ಯಾಲ ಇಟ್ಕೊಂಡ ತೋರಿಸಿದೆ, ದಾರ ಕೊಳ್ಳಾಗನ ಇತ್ತು. ಆಕಿ ಹಿಂದ ಸರದ ನಿಂತ್ಲು. ಮುಟ್ಟಲಿಲ್ಲ ನೋಡ. ಆಮ್ಯಾಲೆ ಆ ಕೋಲು ಲಿಂಗದ ಮ್ಯಾಲ ಹಿಡದ್ಲು, ಕೂಗಲಿಲ್ಲ. ವಸ್ತ್ರಕ್ಕ ಹಿಡದ್ಲು, ಕೂಗ್ತು."

"ವಸ್ತ್ರಕ್ಕ ಯಾಕ ಕೂಗ್ತು?"

ಅವ್ವ ನನ್ನ ಮುಖ ನೋಡಲಿಲ್ಲ. "ಹೊಸಾ ವಸ್ತ್ರ. ಜಾರೀತು ಅಂತ ಒಂದ್ ಪಿನ್ನ ಹಚ್ಚಿದ್ದೆ," ಎಂದಳು.

ಪಿನ್ನು. ನಮ್ಮ ಕಡೆಯ ಹೆಂಗಸರು ಲೋಕದ ಎಲ್ಲ ಅನಾಹುತಕ್ಕೂ ಪಿನ್ನು ಹಚ್ಚುತ್ತಾರೆ. ಸೆರಗಿಗೆ, ಹರಿದ ಕಿಸೆಗೆ, ಕೂಸಿನ ಕುಂಚಿಗೆಗೆ. ಬಳೆ ನೋಡಿದ್ದೆ, ಚಪ್ಪಲಿ ನೋಡಿದ್ದೆ, ಈ ಪಿನ್ನು ನನಗೆ ಹೊಳೆದಿರಲಿಲ್ಲ. ಬೆಳ್ಳಿ ಬಿಟ್ಟು ಬಂದವಳು ಉಕ್ಕು ಕಟ್ಟಿಕೊಂಡು ಬಂದಿದ್ದಳು.

"ಒಂದ ಕೈಯಾಗ ಲಿಂಗ, ಒಂದ ಕೈಯಾಗ ವಸ್ತ್ರ. ಕಟ್ಟಾಕ ಬರವಲ್ದು," ಎಂದು ಅವ್ವ ಮುಂದುವರಿಸಿದಳು. "ಆಕೀನೇ ಕೈಗವಸು ತಗದು, ಗಂಟು ಬಿಗಿ ಮಾಡಿ, ಪಿನ್ನ ಹೊಳ್ಳಿ ಹಚ್ಚಿಕೊಟ್ಲು. ಯಾರ ಮಗಳೋ ಏನೋ, ತಣ್ಣಗಿರಲಿ."

ತಿರುಗಿ ನೋಡಿದೆ. ಗೂಡಿನಲ್ಲಿ ಆ ಹುಡುಗಿ ಮತ್ತೆ ಕೈಗವಸು ಹಾಕಿಕೊಂಡು ಇನ್ನಾರದೋ ಮೈಮೇಲೆ ಯಂತ್ರ ಆಡಿಸುತ್ತಿದ್ದಳು. ಅವಳಿಗೆ ಲಿಂಗವೆಂದರೇನೆಂದು ಗೊತ್ತಿತ್ತೋ ಇಲ್ಲವೋ. ಹಿಂದೆ ಸರಿಯಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟರು? ಆ ಅರ್ಧ ಹೆಜ್ಜೆಯನ್ನು ನಾನು ಈಗಲೂ ಬೆರಗಿನಿಂದಲೇ ನೆನೆಯುತ್ತೇನೆ.

ವಿಮಾನದಲ್ಲಿ ಅವ್ವನಿಗೆ ಕಿಟಕಿಯ ಸೀಟು. ದಿಂಬು ಕೊಟ್ಟರೆ, "ಎಮ್ಮಿಗೆ ಕಟ್ಟಿದ್ಹಾಂಗ ಆಗತೈತಿ," ಎಂದು ಬೇಡವೆಂದಳು. ಕಾಲುಚೀಲ ಬೇಡ, ಹತ್ತಿ ಬೇಡ. ತಂದದ್ದು ದಂಡವಾಗಬಾರದೆಂದು ಎಲ್ಲವನ್ನೂ ನಾನೇ ಧರಿಸಿದೆ. ಕಾಲುಚೀಲ ರಕ್ತ ನಿಲ್ಲಿಸಿತು, ದಿಂಬು ಗದ್ದ ಎತ್ತಿ ಹಿಡಿಯಿತು, ಪೆಪ್ಪರಮಿಂಟು ಗಂಟಲಿಗೆ ಸಿಕ್ಕಿತು. ಅಷ್ಟು ಸುಖ ಸಾಧನಗಳ ನಡುವೆ ನಾನು ಅಷ್ಟು ಕಷ್ಟಪಟ್ಟು ಎಂದೂ ಕೂತಿರಲಿಲ್ಲ. ಅವ್ವ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ಪಡಸಾಲೆಯಲ್ಲಿ ಕೂತಷ್ಟು ಹಾಯಾಗಿ ಕೂತಿದ್ದಳು.

ನೆಲ ಕೆಳಗಿಳಿಯಿತು. ಹೊಲಗಳು ಕೌದಿಯ ತುಂಡುಗಳ ಹಾಗೆ ಒಂದರ ಪಕ್ಕ ಒಂದು. ಅವ್ವ ಹಣೆಯನ್ನು ಗಾಜಿಗೆ ಒತ್ತಿ, "ಕೆಳಗಿನ ಮಂದಿ ಕಾಣವಲ್ರು," ಎಂದಳು. ಅಂಗಳದಲ್ಲಿ ಅಷ್ಟು ವರ್ಷ ನಾನು ಕೊಟ್ಟ ಖಾತ್ರಿ ಸುಳ್ಳಾಗಿತ್ತು. ಅವಳು ನನ್ನನ್ನು ದೂರಲಿಲ್ಲ. "ಯಾರರೆ ನೋಡಾಕತ್ತಿರಬೇಕು," ಎಂದು ಕಿಟಕಿಯತ್ತ ಕೈ ಎತ್ತಿ ಮೆಲ್ಲಗೆ ಬೀಸಿದಳು. ನನ್ನ ಕಣ್ಣು ತುಂಬಿದವು.

ಆಮೇಲೆ ಮೋಡದ ಮೇಲೆ ಬಂದೆವು. ಅದನ್ನು ಹೇಗೆ ಹೇಳಲಿ. ಎಲ್ಲಿ ನೋಡಿದರೂ ಬೆಳ್ಳಗೆ, ಬೀಸಿದ ಜೋಳದ ಹಿಟ್ಟು ಚೆಲ್ಲಿದಂತೆ, ಕೊನೆಯೇ ಇಲ್ಲ. ಮೇಲೆ ಬರೀ ನೀಲಿ, ಬಿಸಿಲು. ಅವ್ವ ತುಂಬ ಹೊತ್ತು ಅದನ್ನೇ ನೋಡಿದಳು. ಕೊನೆಗೆ ನನ್ನ ಕಡೆ ಕೈ ಚಾಚಿ, "ಆ ಸಿಂಬಿ ಕೊಡು," ಎಂದಳು. ಕುತ್ತಿಗೆಯಿಂದ ದಿಂಬು ತೆಗೆದುಕೊಟ್ಟೆ. ಅದನ್ನು ಮಡಿಲಲ್ಲಿಟ್ಟು, ಮೇಲೆ ಎಡಗೈಯನ್ನು ಅಂಗಾತ ಊರಿ, ಬಲಗೈಯಿಂದ ಪಿನ್ನು ತೆಗೆದು, ಅಪ್ಪನ ಧೋತರದ ಗಂಟು ಬಿಚ್ಚಿದಳು. ಕರಿಯ ಲಿಂಗ ಅಂಗೈಯಲ್ಲಿ ಕೂತಿತು. ಅಂಗೈಯನ್ನು ಕಿಟಕಿಯ ಹತ್ತಿರ ಒಯ್ದಳು. ಬಿಸಿಲು ಅದರ ಮೇಲೆ ಬಿತ್ತು.

"ನಾ ಹುಟ್ಟಿದಾಗಿಂದ ಸೆರಗಿನಾಗನ ಐತಿ," ಎಂದಳು. "ಅದೂ ಒಮ್ಮಿ ನೋಡ್ಲಿ."

ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ದಿಂಬೂ ಇರಲಿಲ್ಲ, ಏನೂ ಇರಲಿಲ್ಲ.

ದೊಡ್ಡವ್ವ ದೆಹಲಿಯ ಮನೆಯ ಬಾಗಿಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಮ್ಮ ಸದ್ದು ಕೇಳಿ ಎದ್ದಳು. ಅವ್ವನ ಕೈ ಹಿಡಿದು ಬೆಳಕಿದ್ದ ಕಿಟಕಿಯ ಹತ್ತಿರ ಕರೆದೊಯ್ದಳು. ಮುಖ ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ. ಮೊದಲು ಅವಳ ಕೈ ತಂಗಿಯ ಸೆರಗಿನ ಅಂಚು ಹುಡುಕಿ ಎದೆಯ ಮೇಲೆ ಬಂತು, ಬಟ್ಟೆಯ ಗಂಟಿನ ಮೇಲೆ ನಿಂತಿತು.

"ಐತಿ?"

"ಐತಿ."

ಆಮೇಲೆ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದುಕೊಂಡು, ನೋಡಿದಳು.